ಬೇಸಗೆಯ ಬಿಡುವು ಮತ್ತು ಎಳೆಯರ ಓದು

೧

ಎಳೆಯ ಮಕ್ಕಳಿಗೆ ಓದಿನ ರುಚಿಯನ್ನು ಹತ್ತಿಸಬೇಕೆಂಬ ವಿಷಯದಲ್ಲಿ ಈಗ ಯಾರಿಗೂ ಭಿನ್ನಾಭಿಪ್ರಾಯವಿದ್ದಂತಿಲ್ಲ. ಆದರೆ ಎಂತಹ ಓದು, ಯಾವ ವಯಸ್ಸಿಗೆ, ಯಾವ ಪುಸ್ತಕದಿಂದ, ಯಾರ ಬಾಯಿಂದ ಎಂಬ ಪ್ರಶ್ನೆಗಳು ಎದ್ದೊಡನೆ ಆ ಒಮ್ಮತವು ಸಡಿಲವಾಗುತ್ತದೆ. ಶಾಲೆ ನಡೆಯುವ ತಿಂಗಳುಗಳಲ್ಲಿ ಈ ಪ್ರಶ್ನೆಗಳಿಗೆಲ್ಲ ಪಾಠಪುಸ್ತಕವೇ ಉತ್ತರ ಕೊಟ್ಟುಬಿಡುತ್ತದೆ. ಕೊಡದಿದ್ದರೂ ಕೊಟ್ಟಂತೆ ತೋರುತ್ತದೆ. ಏಪ್ರಿಲ್ ತಿಂಗಳ ನಡುವೆ ಶಾಲೆಯ ಬಾಗಿಲು ಮುಚ್ಚಿ ಮೇ ತಿಂಗಳ ಕೊನೆಗೆ ತೆರೆಯುವವರೆಗಿನ ಆರೇಳು ವಾರಗಳಲ್ಲಿ ಆ ಆಸರೆ ತಪ್ಪುತ್ತದೆ. ಮಗುವಿಗೂ ಅಕ್ಷರಕ್ಕೂ ಇರುವ ನಂಟು ಎಷ್ಟು ಗಟ್ಟಿಯಾದುದೆಂಬುದು ಆಗ ತಾನಾಗಿ ಹೊರಬೀಳುತ್ತದೆ.

ಈ ಬಿಡುವನ್ನು ಬರಿದಾಗಿ ಬಿಡಬಾರದೆಂಬ ಸದುದ್ದೇಶದಿಂದ, ಗ್ರಾಮ ಪಂಚಾಯಿತಿಯ ಪುಸ್ತಕಾಲಯಗಳಲ್ಲಿ ಬೇಸಗೆಯ ಶಿಬಿರಗಳನ್ನು ನಡೆಸುವ ಪದ್ಧತಿ ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ಬೆಳೆದುಬಂದಿದೆ. ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಂತಹ ಊರುಗಳಿಗೆ ಇದರಿಂದ ಆಗಬಹುದಾದ ಲಾಭವು ದೊಡ್ಡದು. ದೊಡ್ಡದಾದುದರಿಂದಲೇ ಅದನ್ನು ಹೊಗಳಿ ಮುಗಿಸುವುದು ಸಾಲದು; ತೂಗಿ ನೋಡಬೇಕು. ಒಂದು ಕಾವ್ಯವನ್ನೋ ನಾಟಕವನ್ನೋ ಪರಿಶೀಲಿಸುವಾಗ ವಿಮರ್ಶಕನು ಮೊದಲು ಕೇಳುವುದು, ಇದು ಏನನ್ನು ಸಾಧಿಸಲು ಹೊರಟಿದೆ, ಅದನ್ನು ಸಾಧಿಸಿತೇ ಎಂಬುದನ್ನು. ಓದಿನ ಕಾರ್ಯಕ್ರಮಕ್ಕೂ ಅದೇ ಅಳತೆಗೋಲು ಸಲ್ಲತಕ್ಕದ್ದು. ಓದಿನ ಹೆಸರಿನಲ್ಲಿ ನಡೆದ ಶಿಬಿರವು ಮುಗಿದ ಮೇಲೆ ಮಗುವು ಓದುತ್ತಿದೆಯೇ? ಅದರ ಕೈಗೆ ಅದರದೇ ಎನ್ನಬಹುದಾದ ಒಂದು ಪುಸ್ತಕವು ಬಂದಿತೇ? ಮಿಕ್ಕ ಪ್ರಶ್ನೆಗಳೆಲ್ಲ ಇದರ ಹಿಂದೆ ನಿಲ್ಲಬೇಕಾದವು.

೨

ಈಗ ಚಿಕ್ಕಬಳ್ಳಾಪುರ ಜಿಲ್ಲೆಯೆನಿಸಿರುವ ಸೀಮೆಗೆ ಪುಸ್ತಕಾಲಯದ ಮಾತು ಹೊಸದಲ್ಲ. ಇಲ್ಲಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, ೧೯೧೨ರಿಂದ ೧೯೧೮ರವರೆಗಿನ ಅವಧಿಯಲ್ಲಿ, ಬೆಂಗಳೂರು ಮೈಸೂರುಗಳಲ್ಲಿ ಸಾರ್ವಜನಿಕ ಪುಸ್ತಕಾಲಯಗಳು ತಲೆಯೆತ್ತಿದವು. ಓದು ಕೆಲವರ ಸೊತ್ತಾಗಿರದೆ ಪ್ರಜೆಗಳೆಲ್ಲರ ಹಕ್ಕಾಗಬೇಕೆಂಬ ಭಾವನೆ ಅಂದಿನದೇ. ಪುಸ್ತಕಾಲಯ ಶಾಸ್ತ್ರಕ್ಕೆ ಭರತಖಂಡದಲ್ಲಿ ತಳಹದಿ ಹಾಕಿದ ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಐದು ಸೂತ್ರಗಳು ಲೋಕದ ಎಲ್ಲೆಡೆ ಮನ್ನಣೆ ಪಡೆದಿವೆ. ತಮ್ಮ ಬಾಳಿನ ಕೊನೆಯ ವರ್ಷಗಳನ್ನು ಅವರು ಕಳೆದುದು ಬೆಂಗಳೂರಿನಲ್ಲಿ. ಪುಸ್ತಕವಿರುವುದು ಬಳಸುವುದಕ್ಕಾಗಿ ಎಂಬುದು ಅವರ ಮೊದಲನೆಯ ಸೂತ್ರದ ಸಾರ; ಒಬ್ಬೊಬ್ಬ ಓದುಗನಿಗೂ ತಕ್ಕ ಪುಸ್ತಕ, ಒಂದೊಂದು ಪುಸ್ತಕಕ್ಕೂ ತಕ್ಕ ಓದುಗ ದೊರೆಯಬೇಕೆಂಬುದು ಎರಡನೆಯ ಮೂರನೆಯ ಸೂತ್ರಗಳ ಸಾರ. ಕೇಳಲು ಇವು ತೀರ ಸರಳವಾದ ಮಾತುಗಳು. ಬೀಗ ಹಾಕಿದ ಕನ್ನಡಿ ಬೀರುವಿನ ಮುಂದೆ ನಿಂತ ಆರು ವರ್ಷದ ಮಗುವಿನ ಪಾಲಿಗೆ ಮಾತ್ರ ಅವು ಇನ್ನೂ ನಿಜವಾಗಿಲ್ಲ.

೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಶಾಸನದಿಂದ ನಾಡಿನ ಪುಸ್ತಕಾಲಯಗಳಿಗೆ ಒಂದು ಕಟ್ಟು ಒದಗಿತು. ೨೦೧೯ರಲ್ಲಿ ಹಳ್ಳಿಗಳ ೫,೬೦೦ಕ್ಕೂ ಹೆಚ್ಚು ಪುಸ್ತಕಾಲಯಗಳ ಆಡಳಿತವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದಿತು. ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದ್ದ ೨೦೨೦ರಲ್ಲಿ, ಮಕ್ಕಳ ದಿನಾಚರಣೆಯ ಸಂದರ್ಭದಲ್ಲಿ, ‘ಓದುವ ಬೆಳಕು’ ಎಂಬ ಯೋಜನೆ ಮೊದಲಾಯಿತು. ಆರರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಪಂಚಾಯಿತಿಯ ಪುಸ್ತಕಾಲಯದಲ್ಲಿ ಹಣವಿಲ್ಲದೆ ಸದಸ್ಯತ್ವ ದೊರೆಯಿತು. ಕಾಸು ಕೊಡದೆ, ಜಾತಿಮತಗಳ ತಡೆಯಿಲ್ಲದೆ, ಹಳ್ಳಿಯ ಮಗುವೊಂದು ತನ್ನ ಹೆಸರಿನಲ್ಲಿ ಚೀಟಿ ಪಡೆದು ಪುಸ್ತಕವನ್ನು ಕೇಳಬಹುದೆಂಬ ಏರ್ಪಾಡು ಸಾಮಾನ್ಯವಾದುದಲ್ಲ. ಇದಕ್ಕಾಗಿ ದುಡಿದವರೆಲ್ಲರಿಗೂ ನಾಡು ಋಣಿಯಾಗಿದೆ.

ಬೇಸಗೆಯ ಶಿಬಿರಗಳು ಈ ಬಳ್ಳಿಯ ಹೊಸ ಕುಡಿ. ಚಿತ್ರ ಬರೆಯುವುದು, ಕಾಗದದ ಕೆಲಸ, ಹಾಡು, ಹಳ್ಳಿಯ ಆಟ, ಲೆಕ್ಕದ ವಿನೋದ, ಕಥೆ — ಇವುಗಳಿಂದ ಕೂಡಿದ ಶಿಬಿರವು ಮಕ್ಕಳನ್ನು ಪುಸ್ತಕಾಲಯದ ಹೊಸ್ತಿಲು ದಾಟಿಸುತ್ತದೆ. ಅದು ಸಣ್ಣ ಕೆಲಸವಲ್ಲ. ದೊಡ್ಡವರು ವೃತ್ತಪತ್ರಿಕೆ ಓದುವ ಮೌನದ ಕೊಠಡಿಯೆಂದು ಮಕ್ಕಳು ದೂರದಿಂದ ನೋಡಿ ಹೋಗುತ್ತಿದ್ದ ಜಾಗವು ಅವರ ನಗೆಯಿಂದ ತುಂಬುವುದೇ ಒಂದು ಸಂಭ್ರಮ. ಆದರೆ ಹೊಸ್ತಿಲು ದಾಟಿದ ಮಗುವು ಬೀರುವಿನ ತನಕ ಹೋಯಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಆಟವು ಓದಿಗೆ ದಾರಿಯಾಗಬಹುದು. ಓದಿನ ಜಾಗವನ್ನೇ ಆಕ್ರಮಿಸಲೂಬಹುದು. ಹದಿನೈದು ದಿನ ಬಣ್ಣದ ಕಾಗದ ಕತ್ತರಿಸಿ ಹದಿನಾರನೆಯ ದಿನ ಬರಿಗೈಯಲ್ಲಿ ಮನೆಗೆ ಹೋದ ಮಗುವಿಗೆ ಸಂತೋಷ ಸಿಕ್ಕಿತೆನ್ನಬಹುದು, ಓದು ಸಿಕ್ಕಿತೆನ್ನಲಾಗದು.

೩

ಮೇಲೂರಿನ ಸೀಮೆಯಲ್ಲಿ ಈ ವಿಚಾರಕ್ಕೆ ಬೇರೆಡೆಗಿಂತ ಹೆಚ್ಚಿನ ತೂಕವಿದೆ. ಅದಕ್ಕೆ ಎರಡು ಕಾರಣಗಳುಂಟು: ಒಂದು ಬದುಕಿನದು, ಒಂದು ಭಾಷೆಯದು.

ಇದು ಹಿಪ್ಪುನೇರಳೆಯ ನಾಡು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು. ಶಾಲೆಗೆ ರಜೆಯುಂಟು, ಹುಳುವಿಗೆ ರಜೆಯಿಲ್ಲ. ಹುಳುವು ನಾಲ್ಕನೆಯ ಜ್ವರ ಕಳೆದು ಎದ್ದ ಮೇಲೆ ಸೊಪ್ಪು ಕೊಯ್ದು ತರುವವರಿಗೂ ಹಾಕುವವರಿಗೂ ಉಸಿರಾಡಲು ಬಿಡುವಿರುವುದಿಲ್ಲ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಂತೂ ಮನೆಮಂದಿಯ ಕೈಗಳೆಲ್ಲ ಬೇಕು. ಇಂತಹ ಮನೆಯ ತಾಯಿತಂದೆಯರು ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಪುಸ್ತಕ ಓದಲಿಲ್ಲವೆಂದು ದೂರುವುದು ನ್ಯಾಯವಲ್ಲ. ಅವರ ಮನೆಗೆ ಅಲ್ಲಿನ ಬದುಕಿಗೆ ಹೊಂದುವ ರೀತಿಯಲ್ಲಿ ಪುಸ್ತಕವನ್ನು ಮುಟ್ಟಿಸುವುದು ಪುಸ್ತಕಾಲಯದ ಕೆಲಸ. ಬೆಳಗಿನ ಹತ್ತು ಗಂಟೆಗೆ ಸರಿಯಾಗಿ ಬಂದು ಸಂಜೆಯವರೆಗೆ ಕುಳಿತಿರಬೇಕೆಂಬ ಶಿಬಿರವು ಇಂತಹ ಮನೆಯ ಮಗುವನ್ನು ಹೊರಗಿಟ್ಟೀತು. ಸಂಜೆ ಬಂದು ಪುಸ್ತಕ ಬದಲಾಯಿಸಿಕೊಂಡು ಹೋಗಬಹುದೆಂಬ ಏರ್ಪಾಡು ಒಳಗೆ ಕರೆದೀತು.

ಎರಡನೆಯದು ಭಾಷೆಯ ಕಾರಣ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ತೆಲುಗು ಮನೆಮಾತಾಗಿರುವ ಸಂಸಾರಗಳು ಬಹಳ; ನೂಲು ಬಿಚ್ಚಾಣಿಕೆಯ ಕಸುಬಿನ ಅನೇಕ ಮನೆಗಳಲ್ಲಿ ಉರ್ದು. ಕನ್ನಡ ತೆಲುಗುಗಳು ಇಲ್ಲಿ ನೆರೆಮನೆಯವರಂತೆ ಬಾಳಿವೆ. ಕೈವಾರದ ಯೋಗಿ ನಾರೇಯಣ ತಾತಯ್ಯನವರು ಎರಡು ಭಾಷೆಗಳಲ್ಲಿಯೂ ಹಾಡಿದವರು. ಈ ಸ್ನೇಹವು ಸೀಮೆಯ ಸಂಪತ್ತೇ ಸರಿ. ಆದರೂ ಓದಲು ಕಲಿಯುತ್ತಿರುವ ಮಗುವಿನ ಕಡೆಯಿಂದ ನೋಡಿದರೆ ಒಂದು ತೊಡಕಿದೆ. ಅದರ ಕನ್ನಡವು ಬಹುಮಟ್ಟಿಗೆ ಶಾಲೆಯ ಕನ್ನಡ. ಶಾಲೆ ಮುಚ್ಚಿದರೆ ಅಕ್ಷರದ ಜೊತೆಗೆ ಭಾಷೆಯ ಬಾಗಿಲೂ ಅರ್ಧ ಮುಚ್ಚಿದಂತೆ. ಕನ್ನಡ ಮನೆಮಾತಾದ ಮಗುವು ಬೇಸಗೆಯಲ್ಲಿ ಅಕ್ಷರವನ್ನು ಮರೆತರೂ ಮಾತನ್ನು ಮರೆಯದು. ಈ ಮಗುವು ಎರಡನ್ನೂ ಕಳೆದುಕೊಳ್ಳುವ ಅಪಾಯದಲ್ಲಿದೆ.

ಕನ್ನಡ ಲಿಪಿಯ ಸ್ವಭಾವವನ್ನೂ ಇಲ್ಲಿ ನೆನೆಯಬೇಕು. ಸ್ವರವ್ಯಂಜನಗಳು, ಕಾಗುಣಿತ, ಒತ್ತಕ್ಷರ — ಇವೆಲ್ಲ ಕಣ್ಣಿಗೆ ಪಳಗಲು ಒಂದೆರಡು ವರ್ಷ ಸಾಲದು. ಕನ್ನಡ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಅಕ್ಷರಜ್ಞಾನವು ಪೂರ್ಣಗೊಳ್ಳುವ ಕೆಲಸವು ಮೊದಲ ತರಗತಿಯಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆಂಬುದು ಕಂಡುಬಂದಿದೆ. ಹಾಗಾದರೆ ಎಳೆಯ ಓದುಗನ ದಾರಿಯಲ್ಲಿ ಮೂರು ನಾಲ್ಕು ಬೇಸಗೆಗಳು ಅಡ್ಡ ಬರುತ್ತವೆ. ಒಂದೊಂದು ಬೇಸಗೆಯಲ್ಲಿಯೂ ಹತ್ತಿದ ಮೆಟ್ಟಿಲುಗಳಲ್ಲಿ ಒಂದೆರಡನ್ನು ಇಳಿದರೆ, ಜೂನ್ ತಿಂಗಳು ಮತ್ತೆ ಹಳೆಯ ಮೆಟ್ಟಿಲನ್ನೇ ಹತ್ತುವುದರಲ್ಲಿ ಕಳೆಯುತ್ತದೆ.

ಬೇಸಗೆಯ ಓದಿನ ಬೆಲೆಯನ್ನು ಹೊರದೇಶದವರು ಅಳೆದು ನೋಡಿದ್ದಾರೆ. ಅಮೆರಿಕದ ಅಟ್ಲಾಂಟ ನಗರದ ಆರನೆಯ ಏಳನೆಯ ತರಗತಿಯ ಮಕ್ಕಳನ್ನು ಕುರಿತು ಬಾರ್ಬರ ಹೇಯ್ನ್ಸ್ ಎಂಬವರು ೧೯೭೮ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಷಯದಲ್ಲಿ ಹೆಸರಾದುದು. ರಜೆಯಲ್ಲಿ ಮಕ್ಕಳು ಓದಿದ ಪುಸ್ತಕಗಳಿಗೂ ಸಾರ್ವಜನಿಕ ಪುಸ್ತಕಾಲಯದ ಬಳಕೆಗೂ ಅವರ ಕಲಿಕೆಯ ಬೆಳವಣಿಗೆಗೂ ನಿಕಟವಾದ ಸಂಬಂಧವಿದ್ದುದನ್ನು ಆಕೆ ತೋರಿಸಿಕೊಟ್ಟರು. ಅಟ್ಲಾಂಟವು ಮೇಲೂರಲ್ಲ, ಅಲ್ಲಿಯ ಮಕ್ಕಳು ವಯಸ್ಸಿನಲ್ಲಿಯೂ ದೊಡ್ಡವರು. ಆದರೂ ಬೇಸಗೆಯಲ್ಲಿ ಶಾಲೆಯ ಆಸರೆ ತಪ್ಪಿದಾಗ ಬಡವನ ಮಗುವಿಗೂ ಉಳ್ಳವನ ಮಗುವಿಗೂ ಅಂತರ ಹೆಚ್ಚುತ್ತದೆ, ಪುಸ್ತಕವಿರುವ ಕಡೆ ಮಕ್ಕಳು ಮುಂದುವರಿಯುತ್ತಾರೆ ಎಂಬ ತತ್ತ್ವವನ್ನು ಇಲ್ಲಿಗೆ ಅನ್ವಯಿಸಿಕೊಳ್ಳಲು ಅಡ್ಡಿಯಿಲ್ಲ.

೪

ಪುಸ್ತಕವು ಮನೆಗೆ ಹೋಗಬೇಕೆಂದು ಹೇಳುವುದು ಸುಲಭ. ಯಾವ ಪುಸ್ತಕ? ಇಲ್ಲಿಗೆ ಬಂದಾಗ ವಿಮರ್ಶೆಯು ಪುಸ್ತಕಾಲಯವನ್ನು ದಾಟಿ ಸಾಹಿತ್ಯದ ಬಾಗಿಲಿಗೆ ಬರುತ್ತದೆ.

ಕನ್ನಡದ ಶಿಶುಸಾಹಿತ್ಯವು ಬಡವಾದುದಲ್ಲ. ಕವಿಶಿಷ್ಯನೆಂಬ ಹೆಸರಿನಿಂದ ಬರೆದ ಪಂಜೆ ಮಂಗೇಶರಾಯರು ಮಗುವಿನ ಕಿವಿಯನ್ನು ಬಲ್ಲವರು. ಹೊಯಿಸಳರು, ‘ತುತ್ತೂರಿ’ಯ ರಾಜರತ್ನಂ, ದಿನಕರ ದೇಸಾಯಿ ಮೊದಲಾದವರು ಮಕ್ಕಳ ನಾಲಿಗೆಗೆ ಹಾಡು ಕೊಟ್ಟರು. ಕುವೆಂಪು ಅವರು ಬ್ರೌನಿಂಗ್ ಕವಿಯ ಕಥೆಯೊಂದನ್ನು ತೆಗೆದುಕೊಂಡು ಕಿಂದರಿಜೋಗಿಯನ್ನು ಅಪ್ಪಟ ಕನ್ನಡಿಗನನ್ನಾಗಿ ಮಾಡಿದರು. ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳಲ್ಲಿ ಲೋಕದ ತಿಳಿವಳಿಕೆಯನ್ನು ಮಕ್ಕಳ ಮುಂದೆ ತೆರೆದಿಟ್ಟರು. ಒಂದು ಭಾಷೆ ಹೆಮ್ಮೆಪಡಲು ಇಷ್ಟು ಸಾಕು.

ಆದರೆ ಈ ಸಂಪತ್ತನ್ನು ಹತ್ತಿರದಿಂದ ನೋಡಿದರೆ ನಡುವೆ ಒಂದು ಅಂತರ ಕಾಣುತ್ತದೆ. ಹಾಡುಗಳು ಕಿವಿಯವು, ದೊಡ್ಡವರು ಹೇಳಿಕೊಟ್ಟರೆ ಮಗುವು ಹಾಡುತ್ತದೆ, ಓದಬೇಕಾಗಿಲ್ಲ. ‘ಬಾಲಪ್ರಪಂಚ’ದಂತಹ ಗ್ರಂಥಗಳು ಓದು ಬಲಿತ ಮಕ್ಕಳವು. ಅಕ್ಷರ ಕೂಡಿಸಿಕೊಂಡು ತಾನಾಗಿ ಓದಲು ಯತ್ನಿಸುವ ಆರು, ಏಳು, ಎಂಟು ವರ್ಷದ ಮಗುವಿಗೆ ಬೇಕಾದ ಸಣ್ಣ ಗದ್ಯವು ಹಿಂದಿನವರ ಕೊಡುಗೆಯಲ್ಲಿ ವಿರಳ. ಹಾಡಿನಿಂದ ಗ್ರಂಥಕ್ಕೆ ಹೋಗುವ ಸೋಪಾನದಲ್ಲಿ ನಡುವಣ ಮೆಟ್ಟಿಲುಗಳು ಬಹುಕಾಲ ತೆಳುವಾಗಿದ್ದವು.

ರೇಷ್ಮೆ ಸಾಕುವವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಚಾಕಿಯ ಹುಳುವಿಗೆ ಕುಡಿಯ ಎಳೆಯ ಸೊಪ್ಪನ್ನೇ ಆರಿಸಿ, ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಬಲಿತ ಎಲೆಯನ್ನು ಇಡಿಯಾಗಿ ಹಾಕಿ, ಹುಳು ತಿನ್ನಲಿಲ್ಲವೆಂದು ಹುಳುವನ್ನು ಬೈಯುವ ರೈತನಿಲ್ಲ. ಮಗುವಿನ ಮುಂದೆ ಬಲಿತ ಪುಸ್ತಕವನ್ನಿಟ್ಟು, ಅದಕ್ಕೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ಹೇಳುವವರು ಮಾತ್ರ ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಎಳೆಯ ಸೊಪ್ಪು ಎಂದರೇನು? “ಸೂರ್ಯೋದಯವಾಗುತ್ತಿದ್ದಂತೆಯೇ ಪಕ್ಷಿಸಂಕುಲವು ಕಲರವಗೈಯಲಾರಂಭಿಸಿತು” ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ವ್ಯಾಕರಣದಲ್ಲಿ ತಪ್ಪಿಲ್ಲ, ಅರ್ಥದಲ್ಲಿ ಕಷ್ಟವಿಲ್ಲ. ಆದರೆ ಏಳು ವರ್ಷದ ಮಗುವು ಮೊದಲನೆಯ ಪದದ ತುದಿಗೆ ತಲುಪುವಷ್ಟರಲ್ಲಿ ಅದರ ತಲೆಯನ್ನು ಮರೆತಿರುತ್ತದೆ. “ಬೆಳಗಾಯಿತು. ಮರದಲ್ಲಿ ಹಕ್ಕಿಗಳು ಕೂಗಿದವು.” — ಇದರಲ್ಲಿ ಬೆಳಗೂ ಇದೆ, ಹಕ್ಕಿಯೂ ಇದೆ, ಮಗುವಿಗೆ ಉಸಿರಾಡಲು ಜಾಗವೂ ಇದೆ. ಸಂಧಿಸಮಾಸಗಳು ಕನ್ನಡದ ಬಲವೆಂಬುದು ದಿಟ. ಎಳೆಯ ಓದುಗನಿಗೆ ಅವೇ ಹೊರೆ. ಸರಳತೆಯೆಂದರೆ ಸಪ್ಪೆತನವೆಂದು ಭಾವಿಸುವವರು ರಾಜರತ್ನಂ ಅವರ ಹಾಡುಗಳನ್ನು ಮತ್ತೊಮ್ಮೆ ನೋಡಬೇಕು. ಆಡುಮಾತಿನ ಸಣ್ಣ ಪದಗಳಿಂದಲೇ ಅವರು ಇಡೀ ಒಂದು ಪ್ರಸಂಗವನ್ನು ಕಟ್ಟಿ ನಗಿಸಬಲ್ಲರು.

ಈಚಿನ ಎರಡು ದಶಕಗಳಲ್ಲಿ ಈ ಕೊರತೆಯನ್ನು ತುಂಬುವ ಯತ್ನಗಳು ನಡೆದಿವೆ. ೨೦೦೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಸಂಸ್ಥೆಯು ಅಗ್ಗದ ಬೆಲೆಗೆ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿಯೂ ಹೊರತಂದಿತು. ೨೦೧೫ರಲ್ಲಿ ಅದು ತೆರೆದ ‘ಸ್ಟೋರಿವೀವರ್’ ಭಂಡಾರದಲ್ಲಿ ಕಥೆಗಳನ್ನು ಹಣವಿಲ್ಲದೆ ಓದಬಹುದು, ಅಚ್ಚುಮಾಡಿಕೊಳ್ಳಲೂಬಹುದು. ಒಂದೇ ಕಥೆಯು ಅಲ್ಲಿ ಕನ್ನಡ, ತೆಲುಗು, ಉರ್ದು ಭಾಷೆಗಳಲ್ಲಿ ದೊರೆಯುವುದುಂಟು; ಮೇಲೂರಿನ ಸೀಮೆಗೆ ಇದಕ್ಕಿಂತ ಒಪ್ಪುವ ಅನುಕೂಲ ಬೇರಿಲ್ಲ. ಬೆಂಗಳೂರಿನ ಹಿಪ್ಪೊಕ್ಯಾಂಪಸ್ ರೀಡಿಂಗ್ ಫೌಂಡೇಶನ್ ಮಕ್ಕಳ ಪುಸ್ತಕಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ಆರು ಬಣ್ಣಗಳಲ್ಲಿ ವಿಂಗಡಿಸುವ ಕ್ರಮವನ್ನು ರೂಢಿಗೆ ತಂದಿತು. ಬಣ್ಣದ ಚೀಟಿ ಅಂಟಿಸಲು ಹೆಚ್ಚಿನ ವೆಚ್ಚವಿಲ್ಲ. ಆ ಚೀಟಿ ನೋಡಿ ಮಗುವು ತನ್ನ ಪುಸ್ತಕವನ್ನು ತಾನೇ ಆರಿಸಿಕೊಳ್ಳುತ್ತದೆ. ರಂಗನಾಥನ್ ಅವರ ಎರಡನೆಯ ಸೂತ್ರವು ಅಲ್ಲಿ ಕೈಗೂಡುತ್ತದೆ.

ಹೊಸ ಪುಸ್ತಕಗಳೆಲ್ಲ ನಿರ್ದೋಷವೆಂದಲ್ಲ. ಅನುವಾದಗಳಲ್ಲಿ ಕೆಲವು ಇಂಗ್ಲಿಷಿನ ನಡಿಗೆಯನ್ನೇ ಕನ್ನಡದ ಉಡುಪಿನಲ್ಲಿ ನಡೆಯುತ್ತವೆ. ಕನ್ನಡದ ತಾಯಿ ಮಗುವಿಗೆ ಎಂದೂ ಆಡದ ಮಾತು ಅಲ್ಲಿಯ ತಾಯಿಯ ಬಾಯಲ್ಲಿರುತ್ತದೆ. ಕೆಲವು ಸ್ವತಂತ್ರ ಕಥೆಗಳಿಗೆ ಬಾಲದಂತೆ ನೀತಿಯೊಂದು ಅಂಟಿಕೊಂಡಿರುತ್ತದೆ; ಕಥೆ ಮುಗಿಯುವ ಮೊದಲೇ ಮಗುವಿಗೆ ಅದರ ವಾಸನೆ ಹತ್ತುತ್ತದೆ. ಪುಸ್ತಕ ಕೊಳ್ಳುವವರು ಸಂಖ್ಯೆಯನ್ನು ಮಾತ್ರ ನೋಡದೆ, ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿದರೆ ಈ ದೋಷಗಳಲ್ಲಿ ಮುಕ್ಕಾಲುಪಾಲು ಅಲ್ಲಿಯೇ ಬಯಲಾಗುತ್ತವೆ. ನಾಲಿಗೆ ತೊಡರಿದ ಕಡೆ ಮಗುವಿನ ಕಣ್ಣೂ ತೊಡರುತ್ತದೆ.

೫

ಇನ್ನು ನಡೆಸುವ ರೀತಿ. ಬ್ರಿಟನ್ನಿನಲ್ಲಿ ೧೯೯೯ರಿಂದ ಪುಸ್ತಕಾಲಯಗಳು ನಡೆಸುತ್ತಿರುವ ಬೇಸಗೆಯ ಓದಿನ ಯೋಜನೆಯು, ರಜೆಯಲ್ಲಿ ಆರು ಪುಸ್ತಕಗಳನ್ನು ಓದಬೇಕೆಂಬ ಗುರಿಯನ್ನು ಮಕ್ಕಳ ಮುಂದಿಡುತ್ತಾ ಬಂದಿದೆ. ಯಾವ ಆರು ಎಂಬುದು ಮಗುವಿನ ಇಚ್ಛೆ. ಈ ಸರಳತೆ ಅನುಕರಣೀಯವಾದುದು. ಆರು ಪುಸ್ತಕವೆಂದರೆ ಆರು ಸಲ ಪುಸ್ತಕಾಲಯಕ್ಕೆ ನಡೆದು ಬರುವುದು, ಆರು ಸಲ ಆರಿಸುವುದು, ಆರು ಸಲ ಮನೆಗೆ ಒಯ್ಯುವುದು. ಅಷ್ಟರಲ್ಲಿ ಪುಸ್ತಕಾಲಯದ ದಾರಿ ಕಾಲಿಗೆ ಪರಿಚಯವಾಗಿರುತ್ತದೆ.

ಬಹುಮಾನದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಲೆಪ್ಪರ್ ಮತ್ತು ಸಂಗಡಿಗರು ೧೯೭೩ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಇದಕ್ಕೆ ಸಂಬಂಧಿಸಿದೆ. ಚಿತ್ರ ಬರೆಯುವುದರಲ್ಲಿ ಸಹಜವಾದ ಪ್ರೀತಿಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನ ಕೊಡುವೆವೆಂದು ಮೊದಲೇ ಹೇಳಿ ಬರೆಯಿಸಿದರು. ಕೆಲವು ದಿನಗಳ ತರುವಾಯ ನೋಡಿದಾಗ, ತಾವಾಗಿ ಚಿತ್ರ ಬರೆಯುವ ಒಲವು ಆ ಮಕ್ಕಳಲ್ಲಿ ಇತರರಿಗಿಂತ ಕಡಮೆಯಾಗಿತ್ತು. ಹೆಚ್ಚು ಪುಸ್ತಕ ಓದಿದವನಿಗೆ ಲೋಟವೋ ತಟ್ಟೆಯೋ ಕೊಡುವ ಸ್ಪರ್ಧೆಯು ಓದಿಗೂ ಇದೇ ಗತಿಯನ್ನು ತಂದೀತು. ತೆಳುವಾದ ಪುಸ್ತಕಗಳನ್ನೇ ಹುಡುಕಿ ಪುಟ ಮಗುಚುವುದನ್ನು ಮಗುವು ಬೇಗ ಕಲಿಯುತ್ತದೆ. ಓದಿದ ಕಥೆಯನ್ನು ಹತ್ತು ಜನ ಗೆಳೆಯರ ಮುಂದೆ ಹೇಳುವ ಅವಕಾಶವೇ ಎಳೆಯ ಓದುಗನಿಗೆ ಸಾಕಾದ ಬಹುಮಾನ. ಅದನ್ನು ತೆಲುಗಿನಲ್ಲಿ ಹೇಳಿದರೂ ಕನ್ನಡದ ಓದಿಗೆ ಕೊರತೆಯಿಲ್ಲ. ಕಥೆ ಅರ್ಥವಾಯಿತೆಂಬುದಕ್ಕೆ ಅದಕ್ಕಿಂತ ಬೇರೆ ಪ್ರಮಾಣ ಬೇಕೇ?

ಯೋಜನೆಯಲ್ಲಿ ಇನ್ನೊಂದು ಲೋಪವನ್ನು ಎತ್ತಿ ಹೇಳದೆ ವಿಧಿಯಿಲ್ಲ. ಆರು ವರ್ಷಕ್ಕೆ ಸದಸ್ಯತ್ವವೆಂದರೆ ಮೂರು, ನಾಲ್ಕು, ಐದು ವರ್ಷದ ಮಕ್ಕಳು ಹೊರಗುಳಿಯುತ್ತಾರೆ. ಅವರು ಓದಲಾರರು, ನಿಜ, ಆದರೆ ಕೇಳಬಲ್ಲರು. ಓದಿನ ಬೇರು ಇರುವುದು ಕೇಳುವುದರಲ್ಲಿ. ಅಂಗನವಾಡಿಯ ವಯಸ್ಸಿನಲ್ಲಿ ಕನ್ನಡದ ಕಥೆಗಳನ್ನು ಕಿವಿತುಂಬ ಕೇಳಿದ ಮಗುವು ಒಂದನೆಯ ತರಗತಿಯಲ್ಲಿ ಅಕ್ಷರವನ್ನು ಕಂಡಾಗ, ಅದು ಅಪರಿಚಿತ ಭಾಷೆಯ ಗುರುತಾಗಿರುವುದಿಲ್ಲ. ಅಕ್ಕಂದಿರು ತಮ್ಮ ಚೀಟಿಯ ಮೇಲೆ ತಮ್ಮನಿಗೊಂದು ಚಿತ್ರಪುಸ್ತಕ ಒಯ್ಯಲು ಅನುಮತಿಯಿದ್ದರೆ, ವಾರಕ್ಕೆರಡು ಸಂಜೆ ಯಾರಾದರೂ ಗಟ್ಟಿಯಾಗಿ ಓದುವ ಪದ್ಧತಿಯಿದ್ದರೆ, ಈ ಲೋಪವು ಬಹುಮಟ್ಟಿಗೆ ತುಂಬಿಹೋಗುತ್ತದೆ.

ಆ ‘ಯಾರಾದರೂ’ ಯಾರು? ಪುಸ್ತಕಾಲಯದ ಮೇಲ್ವಿಚಾರಕರೊಬ್ಬರೇ ಬಾಗಿಲು ತೆರೆದು, ಪತ್ರಿಕೆ ಜೋಡಿಸಿ, ದಾಖಲೆ ಬರೆದು, ನಲವತ್ತು ಮಕ್ಕಳಿಗೆ ಕಥೆಯನ್ನೂ ಓದಬೇಕೆಂದರೆ ಆಗುವ ಮಾತಲ್ಲ. ಇಲ್ಲಿ ವಿದ್ಯಾವಂತ ಮನೆಗಳ ಕರ್ತವ್ಯವಿದೆ. ನಿವೃತ್ತರಾದ ಉಪಾಧ್ಯಾಯರು, ರಜೆಗೆ ಊರಿಗೆ ಬಂದ ಕಾಲೇಜಿನ ವಿದ್ಯಾರ್ಥಿಗಳು, ಓದು ಬಲ್ಲ ಗೃಹಿಣಿಯರು — ಇವರಲ್ಲಿ ಒಬ್ಬೊಬ್ಬರು ವಾರಕ್ಕೆ ಒಂದು ಗಂಟೆ ಕೊಟ್ಟರೆ ಸಾಕು. ತಮ್ಮ ಮಕ್ಕಳು ಓದಿ ಬಿಟ್ಟ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುವ ಬದಲು ಪಂಚಾಯಿತಿಯ ಪುಸ್ತಕಾಲಯಕ್ಕೆ ಸೇರಬಹುದು. ಪುಸ್ತಕ ಹರಿದೀತೆಂಬ ಭಯದಿಂದ ಬೀರುವಿಗೆ ಬೀಗ ಹಾಕುವವರಿಗೆ ಒಂದು ಮಾತನ್ನು ಊರಿನ ಹಿರಿಯರೇ ಹೇಳಬೇಕು: ಮಕ್ಕಳ ಕೈಯಲ್ಲಿ ಸವೆದ ಪುಸ್ತಕವು ನಷ್ಟದ ಪಟ್ಟಿಗೆ ಸೇರತಕ್ಕದ್ದಲ್ಲ, ಲಾಭದ ಪಟ್ಟಿಗೆ.

ಬೇಸಗೆಯ ಶಿಬಿರವು ಮುಗಿದಾಗ ಎಷ್ಟು ಮಕ್ಕಳು ಬಂದರು, ಎಷ್ಟು ದಿನ ನಡೆಯಿತು, ಯಾರು ಅಧ್ಯಕ್ಷತೆ ವಹಿಸಿದರು ಎಂಬ ವರದಿ ಸಿದ್ಧವಾಗುತ್ತದೆ. ಅದರ ಜೊತೆಗೆ ಇನ್ನೊಂದು ಸಾಲು ಸೇರಲಿ: ಎಷ್ಟು ಪುಸ್ತಕಗಳು ಮನೆಗೆ ಹೋದವು, ಎಷ್ಟು ಓದಿಸಿಕೊಂಡು ಹಿಂದಿರುಗಿದವು ಎಂದು. ಆ ಸಾಲು ಬರೆಯುವಂತಾದ ವರ್ಷ ಮೇಲೂರಿನ ಸೀಮೆಯ ಎಳೆಯರು ಜೂನ್ ತಿಂಗಳಲ್ಲಿ ಶಾಲೆಗೆ ಹಿಂದಿರುಗುವಾಗ, ಏಪ್ರಿಲ್ ತಿಂಗಳಲ್ಲಿ ಬಿಟ್ಟುಹೋದ ಮೆಟ್ಟಿಲಿಗಿಂತ ಮೇಲಿನ ಮೆಟ್ಟಿಲಿನಲ್ಲಿ ನಿಂತಿರುವರು.